ಅನುಮಾನದ ಸಾವು: ಮನೆಯವರಿಗೂ ಒಂದು ಸ್ಯಾಂಪಲ್ ಸಿಗಲಿ

ಮಾನ್ಯ ಸಂಪಾದಕರೆ,

ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಈ ಸಾಲು ಆಗಾಗ ಬರುತ್ತದೆ. ‘ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಬಂದ ಬಳಿಕವಷ್ಟೇ ಸಾವಿನ ನಿಖರ ಕಾರಣ ತಿಳಿಯಲಿದೆ ಎಂದು ಪೊಲೀಸರು ತಿಳಿಸಿದ್ದಾರೆ.’ ಅಲ್ಲಿಗೆ ಸುದ್ದಿ ಮುಗಿಯುತ್ತದೆ. ಆ ವರದಿ ಬಂತಾ, ಬಂದಿದ್ದರೆ ಏನಂತ ಬಂತು, ಮನೆಯವರಿಗೆ ಅದನ್ನು ಯಾರಾದರೂ ಓದಿ ಹೇಳಿದರಾ, ಇದ್ಯಾವುದೂ ಆಮೇಲೆ ಅಚ್ಚಾಗುವುದಿಲ್ಲ. ನಿಮ್ಮ ವರದಿಗಾರರನ್ನು ದೂರುತ್ತಿಲ್ಲ. ವರದಿ ಬರುವ ಹೊತ್ತಿಗೆ ಊರು ಆ ಸಾವನ್ನು ಮರೆತಿರುತ್ತದೆ. ಮರೆಯಲಾಗದವರು ಮನೆಯವರು ಮಾತ್ರ.

ನಾನು ಕೇಳುತ್ತಿರುವುದು ಒಂದೇ. ಕಾರಣ ಗೊತ್ತಾಗದ ಸಾವಿನಲ್ಲಿ ಪೋಸ್ಟ್‌ಮಾರ್ಟಂ ಮಾಡುವಾಗ ರಕ್ತ ಮತ್ತು ವಿಸೆರಾವನ್ನು, ಅಂದರೆ ಪರೀಕ್ಷೆಗೆ ತೆಗೆಯುವ ಒಳಾಂಗಗಳ ತುಂಡುಗಳನ್ನು, ಎರಡು ಸೆಟ್ ತೆಗೆಯಲಿ. ಎರಡಕ್ಕೂ ಅಲ್ಲೇ ಸೀಲ್ ಬೀಳಲಿ. ಒಂದು ಸೆಟ್ ಈಗಿನಂತೆ ಸರ್ಕಾರಿ ಎಫ್‌ಎಸ್‌ಎಲ್‌ಗೆ ಹೋಗಲಿ. ಇನ್ನೊಂದನ್ನು, ಮನೆಯವರು ಅರ್ಜಿ ಕೊಟ್ಟರೆ, ಮಾನ್ಯತೆ ಇರುವ ಖಾಸಗಿ ಲ್ಯಾಬಿಗೆ ಕಳಿಸುವ ಹಕ್ಕು ಅವರಿಗೆ ಇರಲಿ. ಖರ್ಚು ಅವರೇ ಕೊಡಲಿ. ಸೀಲ್ ಮಾತ್ರ ಸರ್ಕಾರದ್ದೇ ಇರಲಿ.

ಇದೇನು ಹೊಸ ಬೇಡಿಕೆ ಅಂತ ಅನಿಸಬಹುದು. ಹೊಸದೇನಲ್ಲ. ಆಹಾರ ಸುರಕ್ಷತಾ ಕಾಯ್ದೆ ನೋಡಿ. ಅಧಿಕಾರಿ ಅಂಗಡಿಯಿಂದ ಎಣ್ಣೆಯನ್ನೋ ಮೆಣಸಿನ ಪುಡಿಯನ್ನೋ ಪರೀಕ್ಷೆಗೆ ತೆಗೆದುಕೊಂಡರೆ ಅದನ್ನು ನಾಲ್ಕು ಭಾಗ ಮಾಡಬೇಕು. ಒಂದು ಸರ್ಕಾರಿ ವಿಶ್ಲೇಷಕರಿಗೆ ಹೋಗುತ್ತದೆ. ಅಂಗಡಿಯವನು ಕೇಳಿದರೆ ಒಂದು ಭಾಗವನ್ನು ಮಾನ್ಯತೆ ಪಡೆದ ಬೇರೆ ಲ್ಯಾಬಿಗೆ ಕಳಿಸಬೇಕು. ಅದು 47ನೇ ಕಲಮಿನಲ್ಲೇ ಇದೆ. ಔಷಧ ಕಾಯ್ದೆಯಲ್ಲೂ ಹಾಗೇ, ಸ್ಯಾಂಪಲ್ ತೆಗೆದವರು ಒಂದು ಭಾಗವನ್ನು ಅಂಗಡಿಯವನಿಗೇ ಬಿಟ್ಟು ಬರಬೇಕು. ಅಷ್ಟೇ ಅಲ್ಲ, ಅದೇ ಕಾಯ್ದೆಯ 26ನೇ ಕಲಮಿನ ಪ್ರಕಾರ ಒಂದು ಔಷಧ ಕೊಂಡ ಯಾರು ಬೇಕಾದರೂ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಅದನ್ನು ಪರೀಕ್ಷೆ ಮಾಡಿಸಬಹುದು. ಓಟಗಾರರ ಮೂತ್ರವನ್ನು ಡೋಪಿಂಗ್ ಪರೀಕ್ಷೆಗೆ ತೆಗೆದರೆ ‘ಎ’ ಮತ್ತು ‘ಬಿ’ ಅಂತ ಎರಡು ಬಾಟಲಿ ಮಾಡುತ್ತಾರೆ. ‘ಎ’ ಬಾಟಲಿಯ ಫಲಿತಾಂಶ ಒಪ್ಪದಿದ್ದರೆ ‘ಬಿ’ ತೆರೆಯಿರಿ ಅಂತ ಕೇಳುವ ಹಕ್ಕು ಆಟಗಾರನಿಗೆ ಇದೆ. ಮೆಣಸಿನ ಪುಡಿಗೆ ಇರುವ ಎರಡನೇ ಅವಕಾಶ ಸತ್ತ ಮನುಷ್ಯನಿಗೆ ಇಲ್ಲ. ಇದನ್ನು ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ.

ಈಗ ನಡೆಯುವ ಕ್ರಮ ಹೀಗಿದೆ. ಮನೆಯಲ್ಲೋ ತೋಟದಲ್ಲೋ ಲಾಡ್ಜಿನಲ್ಲೋ ಒಬ್ಬರು ಇದ್ದಕ್ಕಿದ್ದಂತೆ ಸತ್ತರೆ ಪೊಲೀಸರು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ, ದಾಖಲಿಸುತ್ತಾರೆ. ಮೊದಲು ಸಿಆರ್‌ಪಿಸಿ 174 ಅಂತ ಇದ್ದ ಕಲಮು 2024ರ ಜುಲೈ 1ರಿಂದ ಹೊಸ ಅಪರಾಧ ಪ್ರಕ್ರಿಯಾ ಕಾನೂನಿನಲ್ಲಿ ಬಿಎನ್‌ಎಸ್‌ಎಸ್ 194 ಆಗಿದೆ. ಶವ ಪಂಚನಾಮೆ ಆಗುತ್ತದೆ. ಮದುವೆಯಾಗಿ 7 ವರ್ಷದೊಳಗೆ ಸತ್ತ ಹೆಣ್ಣುಮಗಳಾದರೆ ತಹಸೀಲ್ದಾರ್ ಬರುತ್ತಾರೆ. ವಿಷದ ಅನುಮಾನ ಇದ್ದರೆ ವೈದ್ಯರು ಜಠರ ಮತ್ತು ಅದರೊಳಗಿನ ಆಹಾರ, ಸಣ್ಣ ಕರುಳಿನ ಒಂದು ತುಂಡು, ಲಿವರಿನ ಒಂದು ಭಾಗ, ಎರಡೂ ಕಿಡ್ನಿಗಳಿಂದ ಅರ್ಧರ್ಧ ತೆಗೆದು ಗಾಜಿನ ಬಾಟಲಿಯಲ್ಲಿ ಗಟ್ಟಿ ಉಪ್ಪುನೀರಿಗೆ ಹಾಕುತ್ತಾರೆ. ಹೌದು, ಅಡುಗೆ ಉಪ್ಪೇ. ರಕ್ತಕ್ಕೆ ಸೋಡಿಯಂ ಫ್ಲೋರೈಡ್ ಸೇರಿಸುತ್ತಾರೆ. ಶುಗರ್ ಪರೀಕ್ಷೆಗೆ ರಕ್ತ ಕೊಡುವಾಗ ಬೂದು ಮುಚ್ಚಳದ ಟ್ಯೂಬ್ ನೋಡಿರುತ್ತೀರಲ್ಲ, ಅದರಲ್ಲಿ ಇರುವುದೂ ಇದೇ ಪುಡಿ. ಆ ಬಾಟಲಿಗಳು ಪೇದೆಯ ಕೈಗೆ ಬರುತ್ತವೆ, ಠಾಣೆಗೆ ಹೋಗುತ್ತವೆ, ಪತ್ರ ತಯಾರಾಗುತ್ತದೆ, ಆಮೇಲೆ ಬೆಂಗಳೂರಿನ ಮಡಿವಾಳದ ಮುಖ್ಯ ಲ್ಯಾಬಿಗೋ ಅಥವಾ ಮೈಸೂರು, ಮಂಗಳೂರು, ದಾವಣಗೆರೆ, ಬೆಳಗಾವಿ, ಕಲಬುರಗಿಯಂಥ ಕಡೆ ಇರುವ ಪ್ರಾದೇಶಿಕ ಲ್ಯಾಬಿಗೋ ಹೋಗುತ್ತವೆ. ಪಿಎಂ ರಿಪೋರ್ಟಿನಲ್ಲಿ ‘ರಾಸಾಯನಿಕ ವರದಿ ಬರುವವರೆಗೆ ಅಭಿಪ್ರಾಯ ಕಾಯ್ದಿರಿಸಲಾಗಿದೆ’ ಅಂತ ಬರೆದು ಕೊಡುತ್ತಾರೆ.

ಆ ಒಂದು ಸಾಲಿನ ಮೇಲೆ ಎಷ್ಟು ಜನರ ಬದುಕು ನಿಂತುಬಿಡುತ್ತದೆ ಅನ್ನುವುದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ವಿಮೆಯವರು ಅಂತಿಮ ಅಭಿಪ್ರಾಯ ತನ್ನಿ ಅನ್ನುತ್ತಾರೆ. ರೈತ ಆತ್ಮಹತ್ಯೆಯಾದರೆ ರಾಜ್ಯ ಸರ್ಕಾರ ಕೊಡುವ 5 ಲಕ್ಷ ರೂಪಾಯಿ ಪರಿಹಾರಕ್ಕೂ ಇದೇ ವರದಿ ಬೇಕು. ಸಾಲ ಕೊಟ್ಟವರು ಕಾಯುವುದಿಲ್ಲ, ಮಕ್ಕಳ ಶಾಲೆ ಫೀಸೂ ಕಾಯುವುದಿಲ್ಲ.

ಹೊಸ ಕಾನೂನಿನಲ್ಲಿ ವಿಧಿವಿಜ್ಞಾನಕ್ಕೆ ಜಾಸ್ತಿ ಒತ್ತು ಕೊಟ್ಟಿದ್ದಾರೆ ಅಂತ ಎಲ್ಲರೂ ಹೇಳುತ್ತಾರೆ. ಹೌದು, 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು ಅಂತ ಇದೆ. ಆದರೆ ಯುಡಿಆರ್‌ನಲ್ಲಿ ಅಪರಾಧ ಅಂತ ಇನ್ನೂ ಬರೆದೇ ಇರುವುದಿಲ್ಲ. ಅಪರಾಧವೋ ಅಲ್ಲವೋ ಅಂತ ತಿಳಿಯಲು ಪರೀಕ್ಷೆ ಬೇಕು. ತಜ್ಞರು ಬರಬೇಕಾದರೆ ಮೊದಲೇ ಅಪರಾಧ ಅಂತ ಆಗಿರಬೇಕು. ಕಾರಣ ಗೊತ್ತಿಲ್ಲದ ಸಾವು ಈ ಎರಡರ ನಡುವೆ ಬಿದ್ದುಹೋಗುತ್ತದೆ.

ನಮ್ಮ ಮನೆಯ ವಿಷಯವನ್ನೂ ಹೇಳಿಬಿಡುತ್ತೇನೆ. ನನ್ನ ಅಕ್ಕನ ಗಂಡ, ನಮ್ಮ ಭಾವ, ಅಡಿಕೆ ಬೆಳೆಗಾರರು. ಮಳೆಗಾಲದಲ್ಲಿ ತೋಟದಲ್ಲಿ ಔಷಧಿ ಹೊಡೆಸುತ್ತಿದ್ದ ದಿನ ಸಂಜೆ ಪಂಪ್‌ಹೌಸ್ ಹತ್ತಿರ ಬಿದ್ದಿದ್ದರು. ಉಸಿರಿತ್ತು. ಪೇಟೆಯ ಖಾಸಗಿ ಆಸ್ಪತ್ರೆಗೆ ಸೇರಿಸಿದೆವು, ರಾತ್ರಿ ಹೋಗಿಬಿಟ್ಟರು. ಬಿಪಿ ಇರಲಿಲ್ಲ, ಶುಗರ್ ಇರಲಿಲ್ಲ. ಹಾರ್ಟ್ ಅಂದರು ಒಬ್ಬರು, ಔಷಧಿ ಹೊಡೆತ ಅಂದರು ಇನ್ನೊಬ್ಬರು. ಹೊಡೆಸಿದ್ದು ಬೋರ್ಡೋ, ಅಂದರೆ ಮೈಲುತುತ್ತ ಮತ್ತು ಸುಣ್ಣ, ಅದರಿಂದ ಹಾಗೆಲ್ಲ ಆಗುತ್ತಾ ಅಂತ ಮೂರನೆಯವರು ಕೇಳಿದರು. ತೋಟದ ಮನೆಯಲ್ಲಿ ಬೇರೆ ಕ್ರಿಮಿನಾಶಕದ ಡಬ್ಬಿಗಳೂ ಇದ್ದವು. ಆಸ್ಪತ್ರೆಗೆ ಸೇರಿಸಿದ ಕೂಡಲೇ ಅವರ ರಕ್ತ ತೆಗೆದಿದ್ದರು. ಕ್ರಿಮಿನಾಶಕ ಮೈಗೆ ಸೇರಿದೆಯಾ ಅಂತ ಸುಳಿವು ಕೊಡುವ ಕೋಲಿನೆಸ್ಟರೇಸ್ ಅನ್ನುವ ಪರೀಕ್ಷೆ ಒಂದಿದೆ, ಅದನ್ನು ಆ ರಕ್ತದಲ್ಲೇ ಮಾಡಬಹುದಿತ್ತು. ಅದನ್ನು ಮಾಡಿರಲಿಲ್ಲ. ತಿಥಿ ಮುಗಿಸಿ ಹೋಗಿ ಕೇಳಿದರೆ, ಹಳೇ ಸ್ಯಾಂಪಲ್ ಇಟ್ಟುಕೊಳ್ಳಲ್ಲ, ಆಗಲೇ ಬಿಸಾಡಿದ್ದೇವೆ ಅಂದರು.

ವರದಿ ಬರಲು ತುಂಬಾ ತಿಂಗಳು ಹಿಡಿಯಿತು. ಅಷ್ಟು ಕಾಲವೂ ಅಕ್ಕನ ಮೇಲೆ ಜನರ ಕಣ್ಣಿತ್ತು. ‘ಆ ದಿನ ಬೆಳಿಗ್ಗೆ ಜಗಳ ಆಡಿದ್ರಂತೆ’, ‘ಟೀ ಯಾರು ಮಾಡಿಕೊಟ್ಟಿದ್ದು?’ ಇಂಥ ಮಾತುಗಳು. ಯಾರೂ ಎದುರು ನಿಂತು ಹೇಳಲಿಲ್ಲ, ಆದರೆ ಎಲ್ಲರಿಗೂ ಕೇಳಿಸುವಷ್ಟು ಜೋರಾಗಿ ಹೇಳಿದರು. ಭಾವನ ತಮ್ಮನಿಗೇ ಅನುಮಾನ ಹುಟ್ಟಿತು. ಅವನನ್ನೂ ನಾನು ಬೈಯುವುದಿಲ್ಲ, ಅಣ್ಣನನ್ನು ಕಳೆದುಕೊಂಡವನು ಅವನು. ಕಾರಣ ಗೊತ್ತಿಲ್ಲದಿದ್ದರೆ ಮನಸ್ಸು ಸುಮ್ನೆ ಇರುವುದಿಲ್ಲ, ಹತ್ತಿರ ಇದ್ದವರ ಮೇಲೇ ಹೋಗುತ್ತದೆ.

ಆಗ ನಾವು ಖಾಸಗಿ ಲ್ಯಾಬ್ ಹುಡುಕಿದೆವು. ದುಡ್ಡು ಎಷ್ಟಾದರೂ ಆಗಲಿ, ಅಕ್ಕನಿಗೆ ಒಂದು ಉತ್ತರ ಬೇಕಿತ್ತು. ಬೆಂಗಳೂರಿನಲ್ಲಿ ಕೇಳಿದ ಕಡೆಯೆಲ್ಲ ಒಂದೇ ಮಾತು: ಸತ್ತವರ ಸ್ಯಾಂಪಲ್ ನಾವು ತಗೊಳಲ್ಲ, ಪೊಲೀಸ್ ಪತ್ರ ತನ್ನಿ. ಠಾಣೆಯಲ್ಲಿ ಕೇಳಿದರೆ ಎಲ್ಲಾ ಸ್ಯಾಂಪಲ್ ಕಳಿಸಿಯಾಗಿದೆ, ನಮ್ಮ ಹತ್ತಿರ ಏನೂ ಇಲ್ಲ ಅಂದರು. ಒಂದು ಲ್ಯಾಬಿನವರು ಮಾತ್ರ, ಅವರಿಗೆ ನಾನು ಋಣಿ, ಕೂರಿಸಿಕೊಂಡು ವಿವರಿಸಿದರು. ನೀವು ಅಂಗಿಯನ್ನೋ ಕೂದಲನ್ನೋ ಮನೆಯಿಂದ ತಂದು ಕೊಟ್ಟರೆ ನಾನು ಪರೀಕ್ಷೆ ಮಾಡಬಲ್ಲೆ, ಆದರೆ ಅದು ನಿಮ್ಮ ಭಾವನದೇ ಅಂತ ನಾನು ಹೇಗೆ ಹೇಳಲಿ, ಮಧ್ಯೆ ಯಾರೂ ಮುಟ್ಟಿಲ್ಲ ಅಂತ ಯಾರು ಹೇಳುತ್ತಾರೆ, ಕೋರ್ಟಿನಲ್ಲಿ ಮೊದಲ ಪ್ರಶ್ನೆಯೇ ಅದು ಅಂದರು. ಅವರು ಹೇಳಿದ್ದು ನ್ಯಾಯವಾಗಿತ್ತು. ಸ್ಯಾಂಪಲ್ ಯಾರ ಕೈಯಿಂದ ಯಾರ ಕೈಗೆ, ಯಾವಾಗ, ಯಾವ ಸೀಲ್‌ನಲ್ಲಿ ಹೋಯಿತು ಅನ್ನುವ ದಾಖಲೆ ಇಲ್ಲದಿದ್ದರೆ ಎಷ್ಟು ದುಬಾರಿ ಯಂತ್ರದ ಫಲಿತಾಂಶವಾದರೂ ಬರೀ ಕಾಗದ.

ಯಂತ್ರಗಳಿಗೆ ನಮ್ಮಲ್ಲಿ ಬರವಿಲ್ಲ. ಇದು ಜನರಿಗೆ ಗೊತ್ತಿಲ್ಲದ ಸಂಗತಿ. ಕರ್ನಾಟಕದಿಂದ ಮಿಡಿಸೌತೆ ಯುರೋಪಿಗೆ ಹೋಗುತ್ತದೆ. ಅಲ್ಲಿ ಮಿತಿ ಗೊತ್ತುಮಾಡದ ಕೀಟನಾಶಕಕ್ಕೆ ಒಂದು ಕೆಜಿಗೆ 0.01 ಮಿಲಿಗ್ರಾಂಗಿಂತ ಹೆಚ್ಚು ಇರಬಾರದು ಅಂತ ನಿಯಮ. ಅಷ್ಟು ಸಣ್ಣ ಪ್ರಮಾಣವನ್ನು ಹಿಡಿಯುವ ಎಲ್‌ಸಿ-ಎಂಎಸ್, ಜಿಸಿ-ಎಂಎಸ್ ಯಂತ್ರಗಳು ಖಾಸಗಿ ಲ್ಯಾಬುಗಳಲ್ಲಿ ಇವೆ, ಲ್ಯಾಬುಗಳ ಗುಣಮಟ್ಟ ನೋಡುವ ಎನ್‌ಎಬಿಎಲ್ ಸಂಸ್ಥೆಯ ಮಾನ್ಯತೆಯೂ ಇದೆ. ಸೌತೆಕಾಯಿಯಲ್ಲಿ ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ ಹುಡುಕುವವರು ಲಿವರಿನಲ್ಲಿ ಹುಡುಕಲಾರರು ಅಂತೇನಿಲ್ಲ. ಅದಕ್ಕೆ ಬೇರೆ ತಯಾರಿ ಬೇಕು, ಬೇರೆ ಮಾನ್ಯತೆ ಬೇಕು, ಅನುಭವ ಇರುವ ವಿಷವಿಜ್ಞಾನಿ ಬೇಕು, ನಿಜ. ಆದರೆ ಕೆಲಸವೇ ಇಲ್ಲ ಅಂದಮೇಲೆ ಆ ತಯಾರಿ ಯಾರು ಮಾಡಿಕೊಳ್ಳುತ್ತಾರೆ? ಸ್ಯಾಂಪಲ್ ಕಾನೂನುಬದ್ಧವಾಗಿ ಹೊರಗೆ ಬರುವ ದಾರಿ ಮಾಡಿದರೆ ಲ್ಯಾಬುಗಳೂ ತಯಾರಾಗುತ್ತವೆ.

ಕೊನೆಗೆ ಬಂದ ವರದಿಯಲ್ಲಿ ಇದ್ದದ್ದು ಒಂದೇ ಸಾಲು. ಕಳಿಸಿದ ವಸ್ತುಗಳಲ್ಲಿ ವಿಷ ಪತ್ತೆಯಾಗಿಲ್ಲ. ಅಕ್ಕ ಅದನ್ನು ಕೈಯಲ್ಲಿ ಹಿಡಿದು ‘ಹಾಗಾದರೆ ಏನಾಯ್ತು?’ ಅಂತ ಕೇಳಿದಳು. ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಸಂಪಾದಕರೆ, ‘ಪತ್ತೆಯಾಗಿಲ್ಲ’ ಅನ್ನುವುದಕ್ಕೂ ‘ಇರಲಿಲ್ಲ’ ಅನ್ನುವುದಕ್ಕೂ ತುಂಬಾ ದೂರ ಇದೆ. ಲ್ಯಾಬಿನವರು ಏನನ್ನು ಹುಡುಕುತ್ತಾರೋ ಅದೇ ಸಿಗುವುದು. ಠಾಣೆಯ ಪತ್ರದಲ್ಲಿ ‘ವಿಷದ ಅಂಶ ಇದೆಯೇ ತಿಳಿಸುವುದು’ ಅಂತಷ್ಟೇ ಇದ್ದರೆ ಅವರು ಸಾಮಾನ್ಯವಾಗಿ ಸಿಗುವ ಕ್ರಿಮಿನಾಶಕ, ಮದ್ಯ, ನಿದ್ದೆ ಮಾತ್ರೆ ಇಂಥವನ್ನು ನೋಡುತ್ತಾರೆ. ಸತ್ತವರ ಮನೆಯಲ್ಲಿ ಯಾವ ಡಬ್ಬಿ ಇತ್ತು, ಯಾವ ಮಾತ್ರೆ ತಗೊಳ್ಳುತ್ತಿದ್ದರು, ವಾಂತಿ ಆಯಿತಾ, ಬಾಯಲ್ಲಿ ನೊರೆ ಇತ್ತಾ, ಕಣ್ಣಿನ ಪಾಪೆ ಸಣ್ಣದಾಗಿತ್ತಾ, ಇದೆಲ್ಲ ಬರೆದು ಕಳಿಸಿದರೆ ಹುಡುಕಾಟಕ್ಕೆ ದಿಕ್ಕು ಸಿಗುತ್ತದೆ. ಕೆಲವು ವಿಷಗಳಂತೂ ಕಾಯುವುದೇ ಇಲ್ಲ. ಸಯನೈಡ್ ಆರಿಹೋಗುತ್ತದೆ. ಕಾಳಿಗೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಹೊಟ್ಟೆಯಲ್ಲಿ ಫಾಸ್ಫೀನ್ ಗ್ಯಾಸ್ ಆಗುತ್ತದೆ, ಬಾಟಲಿ ಸರಿಯಾಗಿ ಬಿಗಿದಿರದಿದ್ದರೆ ಗಾಳಿಗೆ ಹೋಗುತ್ತದೆ. ಇನ್ಸುಲಿನ್ ಚುಚ್ಚಿ ಕೊಂದರೆ ಅದನ್ನು ಹಿಡಿಯಲು ರಕ್ತವನ್ನು ಬೇಗ ತೆಗೆದು ತಣ್ಣಗೆ ಇಟ್ಟಿರಬೇಕು. ಅಂಗಾಂಗಗಳನ್ನು ಉಪ್ಪುನೀರಿನ ಬದಲು ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಎಷ್ಟೋ ವಿಷಗಳ ಪರೀಕ್ಷೆ ಕೆಟ್ಟುಹೋಗುತ್ತದೆ. ಇನ್ನು ಮಲೆನಾಡಿನವರಿಗೆ ಕಟ್ಟುಹಾವಿನ ವಿಷಯ ಹೇಳಬೇಕಿಲ್ಲ. ರಾತ್ರಿ ಮಲಗಿದ್ದಾಗ ಕಚ್ಚುತ್ತದೆ, ನೋವೇ ಗೊತ್ತಾಗುವುದಿಲ್ಲ, ಹಲ್ಲಿನ ಗುರುತು ಕೂಡ ಕಾಣದೇ ಇರಬಹುದು, ಬೆಳಿಗ್ಗೆ ಎದ್ದೇಳುವುದಿಲ್ಲ. ಅದನ್ನು ಕ್ರಿಮಿನಾಶಕ ಹುಡುಕುವ ಪರೀಕ್ಷೆ ತೋರಿಸುವುದಿಲ್ಲ. ಅದಕ್ಕೆ ಬೇರೆಯೇ ಪರೀಕ್ಷೆ ಬೇಕು.

ಸಿಕ್ಕಿದ್ದಕ್ಕೂ ಅರ್ಥ ಬೇಕು. ಕೊಳೆಯಲು ಶುರುವಾದ ದೇಹದಲ್ಲಿ ತಾನಾಗಿಯೇ ಸ್ವಲ್ಪ ಮದ್ಯಸಾರ ಹುಟ್ಟುತ್ತದೆ. ಅದನ್ನು ನೋಡಿ ಕುಡಿದು ಸತ್ತ ಅಂತ ಬರೆದುಬಿಟ್ಟರೆ ವಿಮೆಯೂ ಹೋಯಿತು, ಮಾನವೂ ಹೋಯಿತು. ಹೃದಯದ ರಕ್ತದಲ್ಲಿ ಕೆಲವು ಔಷಧಗಳ ಪ್ರಮಾಣ ಸತ್ತ ಮೇಲೆ ಏರುತ್ತದೆ, ಯಾಕೆಂದರೆ ಲಿವರು, ಶ್ವಾಸಕೋಶದಲ್ಲಿ ಇದ್ದದ್ದು ಅಲ್ಲಿಗೆ ಸೋರುತ್ತದೆ. ಅದಕ್ಕೇ ತೊಡೆಯ ರಕ್ತನಾಳದಿಂದ ರಕ್ತ ತೆಗೆಯಬೇಕು ಅಂತ ತಜ್ಞರು ಹೇಳುವುದು. ಕಣ್ಣಿನೊಳಗಿನ ದ್ರವ ಬೇಗ ಕೆಡುವುದಿಲ್ಲ, ಅದನ್ನೂ ತೆಗೆದಿಟ್ಟರೆ ಒಂದಕ್ಕೊಂದು ತಾಳೆ ನೋಡಬಹುದು. ಇಷ್ಟೆಲ್ಲ ಇರುವಾಗ ಒಂದೇ ಲ್ಯಾಬಿನ ಒಂದೇ ಸಾಲನ್ನು ಕೊನೆಯ ಮಾತು ಅಂತ ಹೇಗೆ ಒಪ್ಪುವುದು? ಖಾಸಗಿ ಲ್ಯಾಬೇ ಇರಲಿ ಸರ್ಕಾರದ್ದೇ ಇರಲಿ, ಯಾವ ಯಾವ ವಸ್ತುವಿಗೆ ಹುಡುಕಿದೆವು, ಯಾವ ವಿಧಾನದಲ್ಲಿ, ಎಷ್ಟು ಕಡಿಮೆ ಪ್ರಮಾಣದವರೆಗೆ ಹಿಡಿಯಬಲ್ಲೆವು ಅಂತ ವರದಿಯಲ್ಲೇ ಬರೆಯಬೇಕು. ಹಾಗೆ ಬರೆದಿದ್ದರೆ ನಮ್ಮ ಅಕ್ಕನ ಪ್ರಶ್ನೆಗೆ ಅರ್ಧ ಉತ್ತರವಾದರೂ ಸಿಗುತ್ತಿತ್ತು.

ದೊಡ್ಡವರಿಗೆ ಎರಡನೇ ಅವಕಾಶ ಸಿಕ್ಕಿದೆ. 2014ರ ಜನವರಿಯಲ್ಲಿ ದೆಹಲಿಯ ಹೋಟೆಲಿನಲ್ಲಿ ಆಗಿನ ಕೇಂದ್ರ ಸಚಿವ ಶಶಿ ತರೂರ್ ಅವರ ಪತ್ನಿ ಸುನಂದಾ ಪುಷ್ಕರ್ ಸತ್ತಾಗ ಅವರ ವಿಸೆರಾ ಅಮೆರಿಕದ ಎಫ್‌ಬಿಐ ಲ್ಯಾಬಿನವರೆಗೂ ಹೋಯಿತು. ನಟ ಸುಶಾಂತ್ ಸಿಂಗ್ ರಜಪೂತ್ ಸತ್ತಾಗ ಉಳಿದಿದ್ದ ವಿಸೆರಾವನ್ನು ಏಮ್ಸ್‌ನವರು ಮತ್ತೆ ಪರೀಕ್ಷೆ ಮಾಡಿದರು. ಆ ಮನೆಯವರಿಗೂ ನೋವು ಇತ್ತು, ಅವರಿಗೆ ಸಿಕ್ಕಿದ್ದು ತಪ್ಪಲ್ಲ. ಅದೇ ಅವಕಾಶ ತೋಟದಲ್ಲಿ ಬಿದ್ದು ಸತ್ತವರಿಗೂ ಇರಬೇಕು.

ನಮ್ಮ ರಾಜ್ಯದಲ್ಲೇ ನಡೆದದ್ದನ್ನು ನೋಡಿ. ಸಯನೈಡ್ ಮೋಹನ ಅಂತ ಕುಖ್ಯಾತನಾದವನು 2009ರಲ್ಲಿ ಸಿಕ್ಕಿಬೀಳುವ ಮೊದಲು 20 ಹೆಣ್ಣುಮಕ್ಕಳನ್ನು ಸಯನೈಡ್ ಕೊಟ್ಟು ಕೊಂದ ಆರೋಪ ಹೊತ್ತವನು. ಬೇರೆ ಬೇರೆ ಊರಿನ ಬಸ್ ನಿಲ್ದಾಣದ ಶೌಚಾಲಯಗಳಲ್ಲಿ ಶವ ಸಿಗುತ್ತಿತ್ತು. ಪ್ರತಿ ಊರಿನಲ್ಲೂ ಅದು ಒಂದೊಂದು ಬಿಡಿ ಅಸಹಜ ಸಾವು. ಗುರುತು ಸಿಗದ ಹೆಣ್ಣು, ಆತ್ಮಹತ್ಯೆ ಇರಬಹುದು, ಕಡತ ಕಪಾಟಿಗೆ. ಬಡವರ ಮನೆಯ ಮಕ್ಕಳು ಅವರು, ಮದುವೆಯ ಕನಸು ಕಂಡು ಹೊರಟವರು. ಮೊದಲ ಒಂದೆರಡು ಸಾವಿನಲ್ಲೇ ಯಾರಾದರೂ ಬೆನ್ನು ಬಿದ್ದು ಇದು ಸಯನೈಡ್, ಎರಡೂ ಕಡೆ ಒಂದೇ ವಿಷ ಅಂತ ಜೋಡಿಸಿದ್ದರೆ ಎಷ್ಟು ಜೀವ ಉಳಿಯುತ್ತಿತ್ತು ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. ಇದಕ್ಕೆ ಉಲ್ಟಾ ಉದಾಹರಣೆಯೂ ನಮ್ಮಲ್ಲೇ ಇದೆ. 2018ರ ಡಿಸೆಂಬರ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯ ಪ್ರಸಾದ ತಿಂದು 17 ಜನ ಸತ್ತಾಗ, ಅದು ಮೊನೊಕ್ರೊಟೊಫಾಸ್ ಅನ್ನುವ ಕ್ರಿಮಿನಾಶಕ ಅಂತ ಕೆಲವೇ ದಿನಗಳಲ್ಲಿ ಗೊತ್ತಾಯಿತು. ಅಂದರೆ ನಮ್ಮ ಸರ್ಕಾರಿ ಲ್ಯಾಬಿನವರಿಗೆ ಬೇಗ ಹಿಡಿಯಲು ಬರುತ್ತದೆ. ಇಡೀ ರಾಜ್ಯ ನೋಡುತ್ತಿತ್ತು, ಆ ಸ್ಯಾಂಪಲ್ ಸಾಲಿನ ಮುಂದಕ್ಕೆ ಬಂತು. ಒಬ್ಬರೇ ಸತ್ತರೆ ಸಾಲಿನಲ್ಲಿ ನಿಲ್ಲಬೇಕು.

2025ರಲ್ಲಿ ಬೆಂಗಳೂರಿನಲ್ಲಿ ಯುವ ವೈದ್ಯೆಯೊಬ್ಬರು ಸತ್ತಾಗಲೂ ಮೊದಲು ದಾಖಲಾದದ್ದು ಯುಡಿಆರ್. ಮನೆಯವರೊಬ್ಬರು ಪೋಸ್ಟ್‌ಮಾರ್ಟಂ ಆಗಲೇಬೇಕು ಅಂತ ಪಟ್ಟು ಹಿಡಿದರು. ತಿಂಗಳುಗಳ ನಂತರ ಎಫ್‌ಎಸ್‌ಎಲ್ ವರದಿಯಲ್ಲಿ ಅರಿವಳಿಕೆಗೆ ಬಳಸುವ ಪ್ರೊಪೊಫಾಲ್ ಸಿಕ್ಕಿತು, ಆಗ ಕೊಲೆ ಪ್ರಕರಣವಾಯಿತು. ಅದು ಕೋರ್ಟಿನಲ್ಲಿದೆ, ಆರೋಪದ ಬಗ್ಗೆ ನಾನು ಏನೂ ಹೇಳುವುದಿಲ್ಲ. ಆದರೆ ಇಷ್ಟು ಹೇಳಬಹುದು. ಅಲ್ಲಿ ಮನೆಯಲ್ಲಿ ತಿಳಿದವರಿದ್ದರು. ಏನು ಕೇಳಬೇಕು ಅಂತ ಗೊತ್ತಿಲ್ಲದ ಮನೆಯಲ್ಲಿ ಆ ಸಾವು ಸಹಜ ಸಾವಾಗಿ ಮುಗಿಯುತ್ತಿತ್ತು.

ಖಾಸಗಿಯವರಿಗೆ ಕೊಟ್ಟರೆ ದುಡ್ಡು ಕೊಟ್ಟವರಿಗೆ ಬೇಕಾದ ವರದಿ ಬರುತ್ತದೆ ಅನ್ನುವ ಭಯ ಇದೆ. ಅದು ಸರಿಯಾದ ಭಯವೇ. ಅದಕ್ಕೇ ನಾನು ಬಾಟಲಿಯನ್ನು ಮನೆಯವರ ಕೈಗೆ ಕೊಡಿ ಅನ್ನುತ್ತಿಲ್ಲ. ತಹಸೀಲ್ದಾರರ ಸೀಲ್‌ನಲ್ಲಿ, ಸರ್ಕಾರ ಮೊದಲೇ ಪಟ್ಟಿ ಮಾಡಿದ ಲ್ಯಾಬಿಗೆ ನೇರವಾಗಿ ಹೋಗಲಿ. ವರದಿ ಪೊಲೀಸರಿಗೆ, ಪೋಸ್ಟ್‌ಮಾರ್ಟಂ ಮಾಡಿದ ವೈದ್ಯರಿಗೆ, ಮನೆಯವರಿಗೆ ಒಂದೇ ದಿನ ಹೋಗಲಿ. ಮನೆಯವರೇ ಆರೋಪಿಗಳಾಗುವ ಪ್ರಕರಣಗಳೂ ಇರುತ್ತವಲ್ಲ, ಹಾಗಾಗಿ ಸರ್ಕಾರದ ಸೆಟ್ ಮುಟ್ಟದೆ ಇರಲಿ. ಎರಡು ವರದಿ ಬೇರೆ ಬೇರೆ ಬಂದರೆ? ಬರಲಿ, ಆಗ ಮೂರನೆಯ ಕಡೆ ನೋಡಲು ಕಾರಣವಾದರೂ ಸಿಗುತ್ತದೆ. ಕಾನೂನಿನಲ್ಲಿ ಸರ್ಕಾರಿ ತಜ್ಞರ ವರದಿಗೆ ಬಿಎನ್‌ಎಸ್‌ಎಸ್ 329ರ ಪ್ರಕಾರ ವಿಶೇಷ ಮನ್ನಣೆ ಇದೆ, ಅವರನ್ನು ಸಾಕ್ಷಿಕಟ್ಟೆಗೆ ಕರೆಯದೆಯೂ ವರದಿಯನ್ನು ಕೋರ್ಟ್ ಪರಿಗಣಿಸಬಹುದು. ಖಾಸಗಿ ತಜ್ಞರು ಸಾಕ್ಷ್ಯ ಅಧಿನಿಯಮದ 39ನೇ ಕಲಮಿನಡಿ ಅಭಿಪ್ರಾಯ ಕೊಡಬಹುದು, ಆದರೆ ಬಂದು ನಿಂತು ಪಾಟೀಸವಾಲು ಎದುರಿಸಬೇಕು. ಎದುರಿಸಲಿ. ಅದರಲ್ಲಿ ತಪ್ಪೇನಿಲ್ಲ.

ಎಫ್‌ಎಸ್‌ಎಲ್ ಸಿಬ್ಬಂದಿಯ ಮೇಲೆ ನನಗೆ ಸಿಟ್ಟಿಲ್ಲ. ಕೊಲೆ, ಗಾಂಜಾ, ಮೊಬೈಲು, ಡಿಎನ್‌ಎ ಎಲ್ಲವೂ ಅಲ್ಲಿಗೇ ಹೋಗುತ್ತದೆ. ಹುದ್ದೆ ತುಂಬಿ, ಯಂತ್ರ ಕೊಡಿ, ಅದು ಮೊದಲು ಆಗಲಿ. ಎರಡನೇ ಸೆಟ್ ಅವರ ಕೆಲಸವನ್ನು ಹಗುರ ಮಾಡುತ್ತದೆ, ಕಿತ್ತುಕೊಳ್ಳುವುದಿಲ್ಲ.

ನಿಯಮ ಬದಲಾಗುವವರೆಗೆ ಓದುಗರಿಗೆ ಒಂದೆರಡು ಮಾತು ಹೇಳಬೇಕು, ನಮಗೆ ಆ ದಿನ ಹೇಳುವವರು ಯಾರೂ ಇರಲಿಲ್ಲ. ಸಾವು ಆಸ್ಪತ್ರೆಯಲ್ಲಿ ಆಗಿದ್ದರೆ, ಸೇರಿಸಿದಾಗ ತೆಗೆದ ರಕ್ತ, ಮೂತ್ರ, ಹೊಟ್ಟೆ ತೊಳೆದ ನೀರು ಇದನ್ನು ಬಿಸಾಡಬೇಡಿ, ಪೊಲೀಸರಿಗೆ ಒಪ್ಪಿಸಿ ಅಂತ ಅವತ್ತೇ ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ. ಬದುಕಿದ್ದಾಗ ತೆಗೆದ ರಕ್ತಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಕುಡಿದ ಲೋಟ, ವಾಂತಿಯಾದ ಬಟ್ಟೆ, ಔಷಧಿ ಡಬ್ಬಿ ತೊಳೆಯಬೇಡಿ. ಸಾವಿನ ಮನೆಯಲ್ಲಿ ಮೊದಲು ಮಾಡುವ ಕೆಲಸವೇ ತೊಳೆಯುವುದು, ಅಕ್ಕಪಕ್ಕದ ಹೆಂಗಸರು ಪ್ರೀತಿಯಿಂದಲೇ ಬಂದು ಎಲ್ಲಾ ಬಳಿದು ಒರೆಸಿಬಿಡುತ್ತಾರೆ. ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಬೂಸ್ಟು ಹಿಡಿಯುತ್ತದೆ, ಒಣಗಿಸಿ ಕಾಗದದ ಕವರಿನಲ್ಲಿ ಇಡಿ, ಪಂಚನಾಮೆಯಲ್ಲೇ ಸೇರಿಸಿ ಅಂತ ಪೊಲೀಸರಿಗೆ ಹೇಳಿ. ಪೋಸ್ಟ್‌ಮಾರ್ಟಂ ಮಾಡುವ ವೈದ್ಯರಿಗೆ ನಿಮ್ಮ ಅನುಮಾನವನ್ನು ಬರಹದಲ್ಲಿ ಕೊಡಿ. ತೊಡೆಯ ರಕ್ತ, ಮೂತ್ರ, ಕಣ್ಣಿನ ದ್ರವ, ಬೇರಿನ ಸಮೇತ ಒಂದಿಷ್ಟು ಕೂದಲು ತೆಗೆದಿಡಿ ಅಂತ ಕೇಳಿ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ, ಪಾಷಾಣ ಅಂದರೆ ಆರ್ಸೆನಿಕ್‌ನಂಥ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಕೊಟ್ಟಿದ್ದರೆ ಯಾವ ತಿಂಗಳಿನಿಂದ ಅಂತ ಅದರಲ್ಲಿ ತಿಳಿಯುತ್ತದೆ. ಠಾಣೆಯಲ್ಲಿ ಯುಡಿಆರ್ ನಂಬರ್ ಬರೆದುಕೊಳ್ಳಿ. ಸ್ಯಾಂಪಲ್ ಯಾವ ದಿನ ಲ್ಯಾಬಿಗೆ ಮುಟ್ಟಿತು ಅಂತ ಕೇಳಿ, ಕಳಿಸಿದ್ದೇವೆ ಅಂದರೆ ಸಾಲದು, ಸ್ವೀಕೃತಿಯ ದಿನಾಂಕ ಕೇಳಿ.

ಸುಡುವುದಕ್ಕೆ ಮುಂಚೆ ಯೋಚಿಸಿ ಅನ್ನುವುದು ಕಷ್ಟದ ಮಾತು, ಆದರೂ ಹೇಳಬೇಕು. ಹೂತಿದ್ದರೆ ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಶವ ಹೊರತೆಗೆದು ಮತ್ತೆ ನೋಡಬಹುದು. ಸುಟ್ಟರೆ ಆ ದಾರಿ ಮುಚ್ಚಿತು. ಹೊರದೇಶದಲ್ಲಿ ಮಕ್ಕಳನ್ನು ಕಳೆದುಕೊಂಡವರಿಗೂ ಒಂದು ಮಾತು. ವಿಮಾನದಲ್ಲಿ ಶವ ತರಲು, ಅದು ಕೆಡದಂತೆ ಔಷಧ ತುಂಬುವ ಎಂಬಾಮಿಂಗ್ ಮಾಡುತ್ತಾರೆ, ಅದರಲ್ಲಿ ಫಾರ್ಮಲಿನ್ ಇರುತ್ತದೆ. ಇಲ್ಲಿಗೆ ತಂದ ಮೇಲೆ ಇನ್ನೊಂದು ಪರೀಕ್ಷೆ ಮಾಡಿಸೋಣ ಅಂದುಕೊಂಡರೆ ಮದ್ಯ, ಸಯನೈಡ್‌ನಂಥದ್ದು ಆಗಲೇ ಕೈತಪ್ಪಿರುತ್ತದೆ. ಅನುಮಾನ ಇದ್ದರೆ ಎಂಬಾಮಿಂಗ್‌ಗೆ ಮೊದಲೇ ಅಲ್ಲೇ ರಕ್ತ ತೆಗೆದಿಡಿ ಅಂತ ರಾಯಭಾರ ಕಚೇರಿಯ ಮೂಲಕ ಬರಹದಲ್ಲಿ ಕೇಳಿ. ಅಮೆರಿಕದಲ್ಲಿ ಮನೆಯವರೇ ದುಡ್ಡು ಕೊಟ್ಟು ಖಾಸಗಿ ಪೋಸ್ಟ್‌ಮಾರ್ಟಂ, ವಿಷ ಪರೀಕ್ಷೆ ಮಾಡಿಸುವುದು ನಡೆಯುವ ವಿಷಯವೇ.

ದುಡ್ಡಿದ್ದವರಿಗೆ ಮಾತ್ರ ಎರಡನೇ ಪರೀಕ್ಷೆಯಾ ಅಂತ ನೀವು ಕೇಳಬಹುದು. ಈಗಲೂ ದುಡ್ಡಿದ್ದವರಿಗೆ ಮಾತ್ರವೇ ಇದೆ, ಅವರು ವಕೀಲರನ್ನಿಟ್ಟು ಹೈಕೋರ್ಟಿನಲ್ಲಿ ರಿಟ್ ಹಾಕಿ ಮರುಪರೀಕ್ಷೆಗೆ ಆದೇಶ ತರಬಲ್ಲರು. ನಿಯಮವೇ ಆದರೆ ವಕೀಲರ ಖರ್ಚು ತಪ್ಪುತ್ತದೆ, ಉಳಿಯುವುದು ಲ್ಯಾಬಿನ ಶುಲ್ಕ. ಬಿಪಿಎಲ್ ಕಾರ್ಡ್ ಇರುವ ಮನೆಯಾದರೆ ಅದನ್ನು ಜಿಲ್ಲಾಡಳಿತ ಕಟ್ಟಲಿ. ಎರಡು ಸೆಟ್ ತೆಗೆಯುವುದಕ್ಕೆ ಆಸ್ಪತ್ರೆಗೆ ಆಗುವ ಹೆಚ್ಚಿನ ಖರ್ಚು ಒಂದೆರಡು ಗಾಜಿನ ಬಾಟಲಿ, ಉಪ್ಪು, ಅರಗು ಮತ್ತು ಇಡಲು ಒಂದು ಫ್ರಿಜ್. ದೇಹದಲ್ಲಿ ಲಿವರು ಒಂದೂವರೆ ಕೆಜಿಯಷ್ಟು ಇರುತ್ತದೆ, ಎರಡನೇ ಬಾಟಲಿಗೆ ಸಾಲದು ಅನ್ನುವ ಹಾಗಿಲ್ಲ. ಗೃಹ ಇಲಾಖೆ ಮತ್ತು ಆರೋಗ್ಯ ಇಲಾಖೆ ಕೂತು ಮಾತಾಡಿದರೆ ಎರಡನೇ ಸೆಟ್ ತೆಗೆದಿಡುವುದನ್ನು ಒಂದು ಸುತ್ತೋಲೆಯಿಂದಲೇ ಶುರು ಮಾಡಬಹುದು, ಹಕ್ಕನ್ನು ಕಾನೂನಿನಲ್ಲಿ ಬರೆಯುವುದು ಆಮೇಲೆ ಆಗಲಿ. ಈ ಪತ್ರದ ಪ್ರತಿಯನ್ನು ಎರಡೂ ಇಲಾಖೆಗೆ ಅಂಚೆಯಲ್ಲಿ ಕಳಿಸಿದ್ದೇನೆ. ಅವರಿಂದ ಉತ್ತರ ಬಂದರೆ ನಿಮಗೂ ಕಳಿಸುತ್ತೇನೆ, ದಯವಿಟ್ಟು ಅದನ್ನೂ ಅಚ್ಚು ಮಾಡಿ.

ಇಂತಿ,
ನಿಮ್ಮ ಓದುಗ,
ತರೀಕೆರೆ